ಆರರಲ್ಲಿ ಒಂದು ಪಾಲು

ಸಮೊಕೊವ್ ಪಟ್ಟಣದಲ್ಲಿ ದೋನ್ಕಾ ಅಂದರೆ ಬಟ್ಟೆ ಕತ್ತರಿಸುವ ದೋನ್ಕಾ. ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷದಿಂದ ಕತ್ತರಿಯ ಮೇಜಿನ ಮುಂದೆ ನಿಂತವಳು. ಒಂದು ಥಾನು ಬಟ್ಟೆ ಹಾಸಿದರೆ ಅದರಲ್ಲಿ ಎಷ್ಟು ಪ್ಯಾಂಟು ಏಳುತ್ತವೆ, ಎಷ್ಟು ಚೂರು ಉಳಿಯುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಾಳೆ. ಕಂಪ್ಯೂಟರಿನ ಮುಂದೆ ಕೂತವರೂ ಲೆಕ್ಕ ಹಾಕಿ ಅದನ್ನೇ ಹೇಳುತ್ತಾರೆ, ಸ್ವಲ್ಪ ತಡವಾಗಿ. ಆದರೆ ವಿಜ್ಞಾನದ ಪ್ರಪಂಚದಲ್ಲಿ ಅವಳಿಗೆ ಬೇರೆ ಹೆಸರಿದೆ. ಅಲ್ಲಿ ಅವಳು ‘ಮಗು ದ.’, ಒಂದು ರೊಟ್ಟಿಯನ್ನು ನಾಲ್ಕು ಜನಕ್ಕೆ ಹಂಚಲು ಬಾರದ ಮಗು. ಮೇಷ್ಟರಾಗಲು ಓದುವವರು ನಲವತ್ತು ವರ್ಷದಿಂದ ಅವಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸು ಮಾಡಿದ್ದಾರೆ. ತನಗೆ ಇಂಥದೊಂದು ಕೀರ್ತಿ ಇದೆ ಎಂದು ದೋನ್ಕಾಳಿಗೆ ಐವತ್ತು ತುಂಬುವ ತನಕ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ೧೯೮೩ರ ಫೆಬ್ರವರಿ. ದೋನ್ಕಾ ಮೂರನೇ ಕ್ಲಾಸು. ರಾಜಧಾನಿ ಸೋಫಿಯಾದಿಂದ ಒಬ್ಬ ಸಂಶೋಧಕ ಬಂದಿಳಿದ. ಹೆಸರು ಲುಬೆನ್ ತಾಸ್ಕೊವ್, ವಯಸ್ಸು ಮೂವತ್ತಮೂರು, ಕೈಯಲ್ಲಿ ಪೆಟ್ಟಿಗೆಯಷ್ಟು ದೊಡ್ಡ ಟೇಪ್ ರೆಕಾರ್ಡರು. ಮಕ್ಕಳ ತಲೆಯಲ್ಲಿ ಭಿನ್ನರಾಶಿ ಹೇಗೆ ಮೊಳೆಯುತ್ತದೆ, ಅದನ್ನು ಮೇಷ್ಟರುಗಳು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಅದಕ್ಕಾಗಿ ಒಂದು ಸಮಿತಿ ಏಳು ತಿಂಗಳು ಕೂತು ಒಂದೇ ಒಂದು ಪ್ರಶ್ನೆ ತಯಾರಿಸಿತ್ತು. ಮೊದಲ ಕರಡಿನಲ್ಲಿ ಅಜ್ಜಿ ಚಾಕುವಿನಿಂದ ರೊಟ್ಟಿ ಕತ್ತರಿಸುತ್ತಿದ್ದಳು. ಮಕ್ಕಳಿಗೆ ಓದಿ ಹೇಳುವ ಪ್ರಶ್ನೆಯಲ್ಲಿ ಚಾಕು ಯಾಕೆ ಎಂದು ಒಬ್ಬ ಸದಸ್ಯ ತಕರಾರು ತೆಗೆದ. ಆದ್ದರಿಂದ ಅಜ್ಜಿ ಕೈಯಿಂದಲೇ ಮುರಿಯುವಂತಾಯಿತು. ದುಂಡನೆಯ ರೊಟ್ಟಿಯನ್ನು ಮನೆಯ ಅಜ್ಜಿ ಕೈಯಿಂದ ಮುರಿಯುವುದು ವರ್ಷಕ್ಕೆ ಒಂದೇ ಸಲ, ಕ್ರಿಸ್ಮಸ್ಸಿನ ಹಿಂದಿನ ಸಂಜೆ. ಇದು ಆ ಸಮಿತಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ಉಗುಳು ನುಂಗಿಕೊಂಡು ಕೂತರು. ಸಮಾಜವಾದಿ ಸರ್ಕಾರದ ಸಮಿತಿಯಲ್ಲಿ ಕ್ರಿಸ್ಮಸ್ಸಿನ ಮಾತೆತ್ತಿ ಯಾರು ಮನೆ ಹಾಳುಮಾಡಿಕೊಳ್ಳುತ್ತಾರೆ?

ತಾಸ್ಕೊವ್ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಭೂಗೋಳದ ಕೋಣೆಗೆ ಕರೆಸಿಕೊಂಡ. ಮೂಲೆಯ ಕುರ್ಚಿಯಲ್ಲಿ ಕ್ಲಾಸ್ ಟೀಚರ್ ಮಿಂಚೆವಾ ಕೂತಿದ್ದಳು. ದೋನ್ಕಾಳ ಸರದಿ ಬಂತು.

“ಹೆದರ್ಕೋಬೇಡ ಪುಟ್ಟಿ. ಅಜ್ಜಿ ಒಂದು ದುಂಡು ರೊಟ್ಟಿ ಬೇಯ್ಸಿದಾಳೆ. ಮನೇಲಿ ನಾಲ್ಕು ಜನ. ಅಜ್ಜಿ ಅದನ್ನ ಕೈಯಿಂದ ಸಮವಾಗಿ ಮುರೀತಾಳೆ. ನಿನ್ನ ಪಾಲು ಎಷ್ಟು?”

“ಆರರಲ್ಲಿ ಒಂದು.”

“ನಿಧಾನಕ್ಕೆ ಯೋಚ್ನೆ ಮಾಡು. ಎಷ್ಟು ಜನ ಅಂದೆ?”

“ನಾಲ್ಕು.”

“ಹಾಗಾದ್ರೆ ನಿನ್ನ ಪಾಲು?”

“ಆರರಲ್ಲಿ ಒಂದು.”

“ಅದು ಹೇಗಮ್ಮಾ? ಯಾಕೆ ಆರು?”

ದೋನ್ಕಾ ಬಾಯಿ ಬಿಡಲಿಲ್ಲ. ಟೇಪು ಸುತ್ತುತ್ತಲೇ ಇತ್ತು. ಹದಿನೇಳು ಸೆಕೆಂಡು.

ಯಾಕೆ ಆರು ಎನ್ನುವುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವಳ ಮನೆಯಲ್ಲಿ ವೇಲಾ ಅಜ್ಜಿ, ಅಪ್ಪ, ಅಮ್ಮ, ಅವಳು, ಒಟ್ಟು ನಾಲ್ಕು ಜನ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಕಿಟಕಿಗೆ ಪರದೆ ಎಳೆದು, ಬೀನ್ಸು, ಎಲೆಕೋಸಿನ ಸುರುಳಿ, ಒಣಹಣ್ಣಿನ ಪಾಯಸ ಎಲ್ಲ ಇಟ್ಟು ಅಜ್ಜಿ ರೊಟ್ಟಿ ಮುರಿಯುತ್ತಿದ್ದಳು. ಮೊದಲ ತುಂಡು ದೇವಮಾತೆಗೆ. ಎರಡನೆಯದು ಮನೆಗೆ. ಆಮೇಲೆ ಮನೆಯವರಿಗೆ. ಆರೂ ತುಂಡು ಸಮ. ಹಂಚುವುದರಲ್ಲಿ ವೇಲಾ ಅಜ್ಜಿ ದೇವರಿಗೂ ಒಂದು ಚೂರು ಹೆಚ್ಚು ಕೊಡುವವಳಲ್ಲ. ಅಪ್ಪ ಪಕ್ಷದ ಪಟ್ಟಣ ಸಮಿತಿಯ ಕಾರಿನ ಡ್ರೈವರು. ಅಜ್ಜಿ ಮುರಿಯುವಷ್ಟು ಹೊತ್ತು ಅವನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿರುತ್ತಿದ್ದ, ತನ್ನ ತುಂಡು ತಟ್ಟೆಗೆ ಬಿದ್ದಾಗ ಕೆಳಗಿಳಿಸುತ್ತಿದ್ದ. ಮನೆಯಲ್ಲಿ ನಡೆದದ್ದು ಶಾಲೆಯಲ್ಲಿ ಬಾಯಿಗೆ ಬಂದರೆ ಅಪ್ಪನ ಕೆಲಸ ಹೋಗುತ್ತದೆ ಎಂದು ಅಮ್ಮ ಕಿವಿ ಹಿಂಡಿ ಹೇಳಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಸುಳ್ಳು ಉತ್ತರ ಹೇಳಲು ಮನಸ್ಸು ಬರಲಿಲ್ಲ, ನಿಜವಾದ ಕಾರಣ ಹೇಳಲು ಧೈರ್ಯ ಬರಲಿಲ್ಲ. ಎರಡರ ನಡುವೆ ಅವಳು ಹದಿನೇಳು ಸೆಕೆಂಡು ನೆಲ ನೋಡಿದಳು.

ತಾಸ್ಕೊವ್ ಮೂಲೆಗೆ ತಿರುಗಿದ. “ಕಾಮ್ರೇಡ್ ಮಿಂಚೆವಾ, ಮಗು ಯಾಕೆ ಹೀಗಂತಿದೆ, ನಿಮಗೇನನ್ಸುತ್ತೆ?”

ಮಿಂಚೆವಾಳ ಮುಖ ಕೆಂಪೇರಿತ್ತು. ಅವಳ ಮನೆಯಲ್ಲಿ ಐದು ಜನ, ಏಳು ತುಂಡು. ಅವಳು ಟೇಪಿಗೆ ಕೇಳುವ ಹಾಗೆ ಹೇಳಿದಳು: “ಲೆಕ್ಕದಲ್ಲಿ ಸ್ವಲ್ಪ ಮಂದ ಕಾಮ್ರೇಡ್ ಈ ಹುಡುಗಿ. ಮೊದಲಿಂದಲೂ ಅಷ್ಟೇ.”

ಆ ಒಂದು ಮಾತಿನಿಂದ ದೋನ್ಕಾಳ ಅಪ್ಪನ ಕೆಲಸ ಉಳಿಯಿತು, ದೋನ್ಕಾಳ ಲೆಕ್ಕ ಮುಳುಗಿತು. ಮಂದ ಎಂದು ಸರ್ಕಾರದ ಟೇಪಿನಲ್ಲಿ ಹೇಳಿದ ಮೇಲೆ ವರ್ಷದ ಕೊನೆಗೆ ಆರಕ್ಕೆ ಆರು ಅಂಕ ಕೊಡಲಾಗುತ್ತದೆಯೇ? ಮಿಂಚೆವಾ ಮೂರು ಕೊಟ್ಟಳು. ಮುಂದಿನ ವರ್ಷವೂ ಮೂರು. ಗುಣಾಕಾರ ಭಾಗಾಕಾರವನ್ನು ಕ್ಲಾಸಿಗೆಲ್ಲ ಮೊದಲು ಮುಗಿಸಿ ಕೂರುತ್ತಿದ್ದ ಹುಡುಗಿ ಸೋಫಿಯಾದ ಗಣಿತ ಶಾಲೆಗೆ ಅರ್ಜಿ ಹಾಕಬೇಕು ಅಂದಾಗ ಇಡೀ ಶಾಲೆ ನಕ್ಕಿತು. ಅವಳನ್ನು ಹೊಲಿಗೆ ಶಾಲೆಗೆ ಸೇರಿಸಿದರು. ಅವಳು ಎರಡು ದಿನ ಅತ್ತಳು, ಮೂರನೇ ದಿನ ಕತ್ತರಿ ಹಿಡಿದಳು.

ಇತ್ತ ತಾಸ್ಕೊವನ ಅದೃಷ್ಟ ಖುಲಾಯಿಸಿತು. ಆ ಕ್ಲಾಸಿನ ಇಪ್ಪತ್ತೊಂಬತ್ತು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಆರು ಅಂದಿದ್ದವು, ಹನ್ನೊಂದೂ ಕಾರಣ ಕೇಳಿದಾಗ ನೆಲ ನೋಡಿದ್ದವು. ಒಂದು ಮಗು ತಪ್ಪಿದರೆ ಅದು ತಪ್ಪು. ಹನ್ನೊಂದು ಮಕ್ಕಳು ಒಂದೇ ತಪ್ಪು ಮಾಡಿದರೆ ಅದು ಪಿಎಚ್‌ಡಿ. ತಾಸ್ಕೊವ್ ಅದಕ್ಕೆ ‘ಎರಡು ಹೆಚ್ಚಿನ ಹಂತ’ ಎಂದು ಹೆಸರಿಟ್ಟ. ಮಗುವಿನ ಮನಸ್ಸು ಒಂದು ವಯಸ್ಸಿನಲ್ಲಿ ಭಾಗ ಮಾಡುವ ಮೊದಲು ತಾನಾಗಿ ಎರಡನ್ನು ಕೂಡಿಸಿಕೊಳ್ಳುತ್ತದಂತೆ. ಮೂರು ಮಕ್ಕಳು ಐದು ಅಂದಿದ್ದವು, ಆ ಮನೆಗಳಲ್ಲಿ ದೇವಮಾತೆಗೆ ಮಾತ್ರ ಪಾಲು. ಪ್ರಬಂಧದಲ್ಲಿ ಅವರು ‘ಹಂತದಿಂದ ಹೊರಬರುತ್ತಿರುವ ಮಕ್ಕಳು’ ಆದರು. ಪಕ್ಕದ ಹಳ್ಳಿಯ ಒಬ್ಬ ಹುಡುಗ ಏಳು ಅಂದ. ಅವರ ಮನೆಯಲ್ಲಿ ಹಸುವಿಗೂ ಒಂದು ತುಂಡು. ಅವನ ಮೇಲೆ ತಾಸ್ಕೊವ್ ಪ್ರತ್ಯೇಕವಾಗಿ ಒಂದು ಲೇಖನ ಬರೆದ.

ಆಮೇಲೆ ಸಮಾಜವಾದ ಹೋಯಿತು. ಜನ ಕಿಟಕಿಯ ಪರದೆ ಸರಿಸಿ ರೊಟ್ಟಿ ಮುರಿಯತೊಡಗಿದರು. ಟೀವಿಯಲ್ಲಿ ಮಂತ್ರಿಗಳೇ ಮುರಿದರು, ಮೊದಲ ತುಂಡು ದೇವಮಾತೆಗೆ ಎಂದು ಕ್ಯಾಮೆರಾ ನೋಡಿ ನಕ್ಕರು. ಅದೇ ಸರ್ಕಾರ ಎರಡು ಹೆಚ್ಚಿನ ಹಂತದ ಪರೀಕ್ಷೆಯನ್ನು ಬಣ್ಣದ ಪುಸ್ತಕವಾಗಿ ಅಚ್ಚುಹಾಕಿಸಿ ಎಲ್ಲ ಶಾಲೆಗಳಿಗೆ ಕಳಿಸಿತು. ಹಂತದಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ಹಿಡಿದು ಸರಿಪಡಿಸಲು ವಾರಕ್ಕೆ ನಾಲ್ಕು ಗಂಟೆಯ ಪ್ರತ್ಯೇಕ ಗುಂಪು. ಮಕ್ಕಳಿಗೆ ಬೇಜಾರಾಗಬಾರದೆಂದು ಅದಕ್ಕೆ ‘ಹಿಮಹೂ’ ಎಂದು ಮುದ್ದಾದ ಹೆಸರು. ಸಮೊಕೊವಿನ ಮಕ್ಕಳು ಒಬ್ಬರನ್ನೊಬ್ಬರು ಬೈಯಬೇಕಾದರೆ ಈಗ ‘ಹೋಗೋ ಹಿಮಹೂ’ ಅನ್ನುತ್ತಾರೆ.

ಹೋದ ವರ್ಷ ಅಕ್ಟೋಬರಿನಲ್ಲಿ ದೋನ್ಕಾಳ ಮೊಮ್ಮಗಳು ಮಿರೆಲಾ ಶಾಲೆಯಿಂದ ಒಂದು ಕಾಗದ ತಂದಳು. ಮಗಳು, ಅಳಿಯ, ಮಿರೆಲಾ, ದೋನ್ಕಾ ನಾಲ್ವರೂ ಒಂದೇ ಮನೆಯಲ್ಲಿ ಇರುವುದು. ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಪಾಳಿ ಇದ್ದುದರಿಂದ ಶಾಲೆಯ ಕಾಗದಗಳೆಲ್ಲ ಅಜ್ಜಿಯ ಕೈಗೇ ಬರುತ್ತಿದ್ದವು. ಮಿರೆಲಾಳಿಗೆ ಲೆಕ್ಕ ಅಂದರೆ ಪ್ರಾಣ. ಬಸ್ಸಿನ ನಂಬರುಗಳನ್ನು ಭಾಗಿಸುತ್ತಾ ಹೋಗುವ ಹುಡುಗಿ. ಶಾಲೆಯಲ್ಲಿ ಶನಿವಾರ ನಡೆಯುವ ಗಣಿತ ಕೂಟಕ್ಕೆ ಸೇರುವುದೊಂದೇ ಅವಳ ಆಸೆ. ಅಲ್ಲಿಂದಲೇ ಮಕ್ಕಳು ಗಣಿತ ಶಾಲೆಗೆ ಹೋಗುವುದು. ಕಾಗದದಲ್ಲಿ ಇದ್ದದ್ದು ಬೇರೆ: ‘ಮಿರೆಲಾ ಎರಡು ಹೆಚ್ಚಿನ ಹಂತದಲ್ಲಿದ್ದಾಳೆ. ಹಿಮಹೂ ಗುಂಪಿಗೆ ಶಿಫಾರಸು. ಈ ಗುಂಪಿನ ಮಕ್ಕಳಿಗೆ ಗಣಿತ ಕೂಟದಲ್ಲಿ ಪ್ರವೇಶ ಇರುವುದಿಲ್ಲ.’

ದೋನ್ಕಾ ಏಪ್ರನ್ನು ಬಿಚ್ಚದೆ ಶಾಲೆಗೆ ನಡೆದಳು. ಕ್ಲಾಸ್ ಟೀಚರ್ ಬಿಸೆರಾ ಚಿಕ್ಕ ವಯಸ್ಸಿನವಳು, ಒಳ್ಳೆಯವಳು, ಫಾರಂ ತುಂಬಿ ತುಂಬಿ ಸುಸ್ತಾದವಳು.

“ನೋಡಿ ದೋನ್ಕಾ ಆಂಟಿ, ರೊಟ್ಟಿ ಪ್ರಶ್ನೆಗೆ ಆರು ಅಂದ್ಲು.”

“ಯಾಕೆ ಅಂತ ಕೇಳಿದ್ರಾ?”

“ಕೇಳ್ದೆ. ದೇವಮಾತೆಗೆ ಒಂದು, ಮನೆಗೆ ಒಂದು ಅಂದ್ಲು.”

“ಮತ್ತೆ? ಸರಿಯಾಗೇ ಹೇಳಿದಾಳಲ್ಲ!”

“ಫಾರಂನಲ್ಲಿ ಕಾರಣಕ್ಕೆ ಮೂರೇ ಚೌಕ ಇರೋದು ಆಂಟಿ. ‘ಲೆಕ್ಕಕ್ಕೆ ಸಂಬಂಧಿಸಿದ ಕಾರಣ’, ‘ಸಂಬಂಧವಿಲ್ಲದ ಕಾರಣ’, ‘ಮೌನ’. ದೇವಮಾತೆ ಲೆಕ್ಕಕ್ಕೆ ಸಂಬಂಧ ಅಲ್ವಲ್ಲ. ಮೌನವಾಗಿದ್ದಿದ್ರೆ ಇನ್ನೂ ಎರಡು ಅಂಕ ಜಾಸ್ತಿ ಬರ್ತಿತ್ತು. ಹೀಗೆ ವಿವರಿಸೋ ಮಕ್ಕಳದ್ದು ಹಂತ ಗಟ್ಟಿಯಾಗಿದೆ ಅಂತ. ಇದನ್ನ ನಾನು ಹೇಳ್ತಿಲ್ಲ, ವಿಜ್ಞಾನ ಹೇಳ್ತಿದೆ. ಓದಿ ಬೇಕಾದ್ರೆ.”

ಅವಳು ಮೇಷ್ಟರುಗಳ ಕೈಪಿಡಿ ತೆಗೆದು ಮುಂದಿಟ್ಟಳು. ದೋನ್ಕಾ ಕನ್ನಡಕ ಏರಿಸಿಕೊಂಡು ಓದಿದಳು. ‘ಮಗು ದ. ಹುಡುಗಿ, ಒಂಬತ್ತು ವರ್ಷ, ಸಮೊಕೊವ್, ತಂದೆ ಡ್ರೈವರು. ಪದೇ ಪದೇ ನೆನಪಿಸಿದರೂ ಆರರಲ್ಲಿ ಒಂದು ಎನ್ನುತ್ತದೆ. ಕಾರಣ ಕೊಡಲು ಅಸಮರ್ಥ. ಮೌನ ಹದಿನೇಳು ಸೆಕೆಂಡು. ಶಿಕ್ಷಕಿಯ ಅಭಿಪ್ರಾಯ: ಮಂದಬುದ್ಧಿ.’

ಆ ಭೂಗೋಳದ ಕೋಣೆ, ಸುತ್ತುವ ಟೇಪು, ಮಿಂಚೆವಾಳ ಕೆಂಪು ಮುಖ ಎಲ್ಲ ಅವಳ ಕಣ್ಣೆದುರು ಬಂದು ನಿಂತವು. ಅವಳು ‘ಮಗು ದ.’ ಎಂಬಲ್ಲಿ ಬೆರಳಿಟ್ಟಳು.

“ಈ ಮಗು ನಾನೇ ಕಣಮ್ಮಾ,” ಅಂದಳು.

ಬಿಸೆರಾ ಮರ್ಯಾದೆಗೆ ಎದ್ದು ನಿಂತಳು. “ಅಯ್ಯೋ, ನೀವಾ? ಪರೀಕ್ಷೇಲಿ ನಿಮ್ಮ ಮೇಲೆ ನಂಗೆ ಹತ್ತು ಅಂಕದ ಪ್ರಶ್ನೆ ಬಂದಿತ್ತು ಆಂಟಿ!”

ಕೈಪಿಡಿಯ ಹಿಂದಿನ ಪುಟದಲ್ಲಿ ಪ್ರೊಫೆಸರ್ ಲುಬೆನ್ ತಾಸ್ಕೊವ್ ಇದ್ದರು, ಬಿಳಿ ಗಡ್ಡದೊಂದಿಗೆ. ದೋನ್ಕಾ ಶನಿವಾರದ ಮೊದಲ ಬಸ್ಸು ಹಿಡಿದು ಸೋಫಿಯಾಕ್ಕೆ ಹೋದಳು. ಎಪ್ಪತ್ನಾಲ್ಕರ ಪ್ರೊಫೆಸರು ಪುಸ್ತಕಗಳ ನಡುವೆ ಒಂಟಿಯಾಗಿ ಇದ್ದರು. ಅವಳು ಯಾರೆಂದು ತಿಳಿದ ಕೂಡಲೇ ಕಾಫಿ ಕಾಯಿಸಿದರು, ಸೀಬೆಯಂಥ ಹಣ್ಣಿನ ಮುರಬ್ಬ ಇಟ್ಟರು, ಹಳೆಯ ಸ್ನೇಹಿತೆ ಬಂದ ಹಾಗೆ ಉಪಚಾರ ಮಾಡಿದರು.

ದೋನ್ಕಾ ಮುರಬ್ಬ ಮುಟ್ಟಲಿಲ್ಲ. ಪರದೆ, ಪತ್ರಿಕೆ, ಆರು ತುಂಡು ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. “ಲೆಕ್ಕ ಬರದೆ ಅಲ್ಲ ಪ್ರೊಫೆಸರ್ರೇ. ಬಾಯಿ ಬಿಡೋ ಹಾಗಿರ್ಲಿಲ್ಲ ಅಷ್ಟೆ. ನಿಮಗೆ ಇದು ಗೊತ್ತಾಗ್ಲಿ ಅಂತ ಬಂದೆ.”

ಪ್ರೊಫೆಸರು ಚಮಚದಿಂದ ಕಾಫಿ ತಿರುವುತ್ತಾ ಕೂತರು. “ಗೊತ್ತಿತ್ತು,” ಅಂದರು.

“ಏನು?”

“ಗೊತ್ತಿತ್ತಮ್ಮ. ನಾನು ವಿದಿನ್ ಕಡೆ ಹಳ್ಳಿಯವನು. ನಮ್ಮಜ್ಜಿ ಎಂಟು ತುಂಡು ಮಾಡ್ತಿದ್ಲು. ಎರಡನೇ ಮಗು ಆರು ಅಂದು ತಲೆ ತಗ್ಗಿಸ್ತಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ಏನ್ಮಾಡ್ಲಿ ಹೇಳು? ಟೇಪಲ್ಲಿ ಹನ್ನೊಂದು ಮಕ್ಕಳಿದಾವೆ, ಹೆಸರು, ಅಪ್ಪನ ಕೆಲಸ, ಎಲ್ಲ ಇದೆ. ನಿಜವಾದ ಕಾರಣ ಬರೆದಿದ್ರೆ ಹನ್ನೊಂದು ಮನೆಗೆ ಪೊಲೀಸ್ರು ಹೋಗ್ತಿದ್ರು. ಅದಕ್ಕೆ ಬೇರೆ ಏನಾದ್ರೂ ಬರೀಬೇಕಿತ್ತು. ಒಂದು ಹಂತ ಕಟ್ದೆ. ನಿಮ್ಮನ್ನ ಉಳಿಸೋಕೆ ಕಣಮ್ಮ.”

ಅವತ್ತು ಆ ಭೂಗೋಳದ ಕೋಣೆಯಲ್ಲಿದ್ದ ಮೂವರಿಗೂ ಉತ್ತರ ಗೊತ್ತಿತ್ತು, ಮೂವರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂದು ವಿಜ್ಞಾನವನ್ನೇ ಹೆತ್ತಿದ್ದರು. ದೋನ್ಕಾಳಿಗೆ ಆ ಮುದುಕನ ಮೇಲೆ ಒಂದು ಕ್ಷಣ ನಿಜವಾಗಿಯೂ ಪ್ರೀತಿ ಬಂತು. ಮರುಕ್ಷಣ ಸಿಟ್ಟು ಬಂತು.

“ಸರಿ, ಆಗ ಹೇಳೋ ಹಾಗಿರ್ಲಿಲ್ಲ. ಸರ್ಕಾರ ಬಿದ್ದ ಮೇಲೆ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು. ಅಷ್ಟರಲ್ಲಿ ನಾನು ಪ್ರೊಫೆಸರ್ ಆಗಿದ್ದೆ.”

“ಈಗ ಹೇಳಿ ಮತ್ತೆ! ನನ್ನ ಮೊಮ್ಮಗಳನ್ನ ಹಿಮಹೂಗೆ ತಳ್ಳಿದಾರೆ.”

ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಹೋದ ವರ್ಷ ಒಂದು ಪತ್ರ ಬರೆದಿದ್ದೆ, ಈ ಹಂತದ ಬಗ್ಗೆ ನಂಗೇ ಅನುಮಾನ ಇದೆ ಅಂತ. ಇಲಾಖೆಯಿಂದ ಉತ್ತರ ಬಂತು. ಹಂತ ಸರ್ಕಾರಿ ಆದೇಶದಲ್ಲಿ ಸೇರಿದೆ, ಅದನ್ನ ಪ್ರಶ್ನೆ ಮಾಡೋ ಹಕ್ಕು ತಜ್ಞರಿಗೆ ಮಾತ್ರ ಇದೆ, ನೀವು ನಿವೃತ್ತರು, ಅಂತ. ನಾನು ಹೆತ್ತ ಕೂಸು ನನ್ನ ಮಾತೇ ಕೇಳಲ್ಲಮ್ಮ. ಎರಡನೇ ಸಲ ಪರೀಕ್ಷೆ ಕೇಳೋಕೆ ಅವಕಾಶ ಇದೆ. ಮಗೂಗೆ ನಾಲ್ಕು ಅನ್ನೋದು ಹೇಳ್ಕೊಡು. ಒಂದು ಪದ ತಾನೇ, ಮುಗಿದು ಹೋಗುತ್ತೆ.”

ದೋನ್ಕಾ ಊರಿಗೆ ಬಂದವಳೇ ಎರಡನೇ ಪರೀಕ್ಷೆಗೆ ಅರ್ಜಿ ಬರೆದಳು. ಪರೀಕ್ಷೆಯ ದಿನ ಶಾಲೆಯ ದಾರಿಯಲ್ಲಿ ಮೊಮ್ಮಗಳ ಕೈ ಹಿಡಿದುಕೊಂಡು ಹೇಳಿಕೊಟ್ಟಳು.

“ಚಿನ್ನ, ಇವತ್ತು ನಾಲ್ಕರಲ್ಲಿ ಒಂದು ಅಂದ್ಬಿಡು.”

“ಸುಳ್ಳು ಹೇಳ್ಲಾ ಅಜ್ಜಿ?”

“ಸುಳ್ಳಲ್ಲ. ಅವರಿಗೆ ಬೇಕಾಗಿರೋದು ಅದು.”

“ಯಾಕೆ ಅಂತ ಕೇಳಿದ್ರೆ?”

“ಮನೇಲಿ ನಾಲ್ಕು ಜನ ಅಂತ ಹೇಳು. ಬೇರೇನೂ ಹೇಳ್ಬೇಡ.”

ಹೇಳುವಾಗ ದೋನ್ಕಾಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಹೇಳಿದಳು, ಕೂಟದಲ್ಲಿ ಎರಡೇ ಜಾಗ ಉಳಿದಿದ್ದವು.

ಬಿಸೆರಾ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಳು. ಮಕ್ಕಳ ಬೆಂಚು, ದೋನ್ಕಾಳ ಮೊಣಕಾಲು ಗದ್ದಕ್ಕೆ ಬಂತು. ಬಿಸೆರಾ ಬಣ್ಣದ ಪುಸ್ತಕ ತೆರೆದು ಅಕ್ಷರ ಬಿಡದೆ ಓದಿದಳು. ಅಜ್ಜಿ ದುಂಡು ರೊಟ್ಟಿ ಬೇಯಿಸಿದಳು, ಮನೆಯಲ್ಲಿ ನಾಲ್ಕು ಜನ, ಕೈಯಿಂದ ಸಮವಾಗಿ ಮುರಿದಳು, ನಿನ್ನ ಪಾಲು ಎಷ್ಟು?

ಮಿರೆಲಾ ಹಿಂದಕ್ಕೆ ತಿರುಗಿ ಅಜ್ಜಿಯನ್ನು ನೋಡಿದಳು. ದೋನ್ಕಾ ಕಿಟಕಿ ನೋಡಿದಳು.

“ಯಾವತ್ತು ಮಿಸ್?” ಅಂದಳು ಮಿರೆಲಾ.

“ಏನು ಯಾವತ್ತು?”

“ಅಜ್ಜಿ ರೊಟ್ಟಿ ಮುರಿದಿದ್ದು ಯಾವತ್ತು? ಕ್ರಿಸ್ಮಸ್ ಹಿಂದಿನ ಸಂಜೆನಾ, ಬೇರೆ ದಿನಾನಾ? ಬೇರೆ ದಿನ ಆದ್ರೆ ನಾಲ್ಕರಲ್ಲಿ ಒಂದು. ಆ ಸಂಜೆ ಆದ್ರೆ ಆರರಲ್ಲಿ ಒಂದು. ಅದನ್ನ ಹೇಳದೆ ಲೆಕ್ಕ ಹೇಗೆ ಮಾಡೋದು?”

ಬಿಸೆರಾ ಪುಟದ ಹಿಂಬದಿ ನೋಡಿದಳು. ಮುನ್ನುಡಿ ನೋಡಿದಳು. ಮುದ್ರಕರ ವಿಳಾಸವನ್ನೂ ನೋಡಿದಳು. “ಇಲ್ಲಿ ಬರೆದಿಲ್ವಲ್ಲ,” ಅಂದಳು.

“ಹಾಗಾದ್ರೆ ನೀವು ಅರ್ಧ ಲೆಕ್ಕ ಕೊಟ್ಟಿದೀರಿ ಮಿಸ್. ಮಿಕ್ಕಿದ್ದನ್ನೂ ಕೊಡಿ, ಮಾಡ್ತೀನಿ.”

ಫಾರಂನಲ್ಲಿ ಉತ್ತರಕ್ಕೆ ‘ಸರಿ’, ‘ತಪ್ಪು’, ‘ಮೌನ’ ಇದ್ದವು. ಮಗು ತಿರುಗಿ ಪ್ರಶ್ನೆ ಕೇಳಿದರೆ ಏನು ಮಾಡಬೇಕೆಂದು ಮೂರು ಆವೃತ್ತಿಗಳಲ್ಲಿ ಯಾರೂ ಯೋಚಿಸಿರಲಿಲ್ಲ. ಬಿಸೆರಾ ಪೆನ್ನಿನ ಮುಚ್ಚಳ ತೆಗೆದಳು.

“ನಮ್ಮನೇಲಿ ಮೂರು ಜನ,” ಅಂದಳು, ಯಾರಿಗೂ ಅಲ್ಲದ ಹಾಗೆ. “ಐದು ತುಂಡು.”

ಆಮೇಲೆ ‘ಸರಿ’ ಎಂಬಲ್ಲಿ ಗುರುತು ಹಾಕಿದಳು. ಕೆಳಗೆ ‘ವಿಶೇಷ ಟಿಪ್ಪಣಿ’ ಎಂದು ಎರಡು ಸಾಲಿನ ಜಾಗ ಇತ್ತು; ಅದರಲ್ಲಿ ಯಾವ ಮೇಷ್ಟರೂ ಏನನ್ನೂ ಬರೆದ ದಾಖಲೆ ಇಲ್ಲ. ಅಲ್ಲಿ ಬರೆದಳು: ‘ಮಗು ಸರಿ. ಪ್ರಶ್ನೆ ಅರ್ಧ.’ ಹಿಮಹೂ ಪಟ್ಟಿಯಲ್ಲಿ ಮಿರೆಲಾಳ ಹೆಸರಿನ ಮೇಲೆ ಗೆರೆ ಎಳೆದಳು. ಪೆನ್ನು ಮುಂದಿನ ಹೆಸರಿನ ಮೇಲೆ ಹೋಗಿ ನಿಂತಿತು.

“ಸಿಮೊನನ್ನ ಕರಿ ಮಿರೆಲಾ,” ಅಂದಳು. “ಅವನಿಗೂ ಇನ್ನೊಂದ್ಸಲ ಕೇಳ್ತೀನಿ, ದಿನ ಹೇಳಿ ಕೇಳ್ತೀನಿ. ಇಲಾಖೆಯವರು ಬೈದ್ರೆ ಬೈಲಿ.”

ದೋನ್ಕಾಳಿಗೆ ಖುಷಿಯಾಯಿತು. ಬಾಯಿ ತುಂಬ ನಗಬೇಕು ಅನ್ನುವಷ್ಟು ಖುಷಿ. ಅದರ ಬೆನ್ನಿಗೇ ಇನ್ನೊಂದು ಎದ್ದು ಬಂತು, ಅದು ಹೊಟ್ಟೆಕಿಚ್ಚು. ತಾನೇ ಎತ್ತಿ ಆಡಿಸಿದ ಒಂಬತ್ತು ವರ್ಷದ ಮೊಮ್ಮಗಳ ಮೇಲೆ ಅಪ್ಪಟ ಹೊಟ್ಟೆಕಿಚ್ಚು. ಆ ಭೂಗೋಳದ ಕೋಣೆಯಲ್ಲಿ ತಾನೂ ‘ಯಾವತ್ತು’ ಅಂತ ಕೇಳಿದ್ದರೆ ಆಗುತ್ತಿತ್ತು. ದೇವಮಾತೆಯ ಹೆಸರು ಎತ್ತಬೇಕಾಗಿರಲಿಲ್ಲ, ಅಪ್ಪನ ಕೆಲಸಕ್ಕೆ ಕುತ್ತು ಬರುತ್ತಿರಲಿಲ್ಲ. ಆ ಹದಿನೇಳು ಸೆಕೆಂಡಿನಲ್ಲಿ ಅದೊಂದು ಮಾತಿಗೆ ಧಾರಾಳವಾಗಿ ಜಾಗ ಇತ್ತು. ಪ್ರಶ್ನೆ ಕೇಳುವವರು ಅವರು, ಉತ್ತರ ಕೊಡುವವಳು ನಾನು ಅಂದುಕೊಂಡು ಅವಳು ನೆಲ ನೋಡುತ್ತಾ ನಿಂತಿದ್ದಳು.

ಮಿರೆಲಾ ಬಾಗಿಲ ತನಕ ಹೋದವಳು ತಿರುಗಿ ನೋಡಿದಳು. ಅಜ್ಜಿ ಆ ಪುಟ್ಟ ಬೆಂಚಿನಲ್ಲಿ ಮುದುಡಿ ಕೂತು ಏಪ್ರನ್ನಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಹುಡುಗಿ ಓಡಿ ಬಂದು ಅವಳ ಮೊಣಕಾಲು ಹಿಡಿದುಕೊಂಡಳು.

“ನೀನು ಹೇಳ್ಕೊಟ್ಟಿದ್ದು ನಾನು ಹೇಳ್ಲಿಲ್ಲ ಅಂತ ಬೇಜಾರಾಯ್ತಾ ಅಜ್ಜಿ?”